ಬೆಲ್ಲ ಹಾಕದ ಕಷಾಯ

ಬಾಣಂತಿಯ ಶುಂಠಿ ಕಷಾಯಕ್ಕೂ ಚೂರು ಬೆಲ್ಲ ಹಾಕದಂಥ ಅತ್ತೆ ವಾರಿಜಾಗೆ ಸಿಕ್ಕಿದ್ದರು. "ಮುಖ ಕಿವುಚಬೇಡ, ಒಳ್ಳೇದಕ್ಕೇ" ಎಂದು ಎದುರು ನಿಂತು ಕುಡಿಸಿದ್ದರು. ಆ ಉರಿ ಅವಳ ಹೊಟ್ಟೆಯಲ್ಲಿ ಹಾಗೇ ಉಳಿದಿತ್ತು.

ಈಗ ಅತ್ತೆಗೇ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ವಾರಿಜಾ ಕೈತುಂಬ ಶುಂಠಿ ಜಜ್ಜಿ ಕುದಿಸಿ, ಲೋಟ ಮುಂದಿಡುತ್ತಿದ್ದಳು.

"ಒಂಚೂರು ಬೆಲ್ಲ ಹಾಕೇ, ಗಂಟಲು ಉರಿಯುತ್ತೆ."

"ಮುಖ ಕಿವುಚಬೇಡಿ ಅತ್ತೆ, ಒಳ್ಳೇದಕ್ಕೇ" ಎನ್ನುತ್ತ, ಅವರೆದುರೇ ದಪ್ಪ ಬೆಲ್ಲದ ತುಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಒಮ್ಮೆ ಅತ್ತೆಯನ್ನು ರಕ್ತ ಪರೀಕ್ಷೆಗೆ ಕರೆದೊಯ್ದಾಗ, ಹೇಗೂ ಬಂದಿದ್ದೀನಲ್ಲ ಎಂದು ತಾನೂ ಮಾಡಿಸಿಕೊಂಡಳು.

ರಿಪೋರ್ಟ್ ಬಂದ ಮರುದಿನ ಅವಳು ಏಳುವ ಮೊದಲೇ ಅಡುಗೆಮನೆಯಲ್ಲಿ ಶುಂಠಿ ಜಜ್ಜುವ ಸದ್ದು. ಅತ್ತೆ ಎರಡು ಲೋಟ ಹಿಡಿದು ನಗುತ್ತಾ ಬಂದರು.

"ನಿನಗೂ ಶುಗರ್ ಅಂತಲ್ಲೇ ವಾರಿಜಾ! ತಗೋ, ಒಳ್ಳೇದಕ್ಕೇ."