ಅತ್ತೆಯ ಕೈಗುಣ

ಬೆಳಿಗ್ಗೆ ಸತ್ತಿದ್ದ ಮರುಗ ಸಂಜೆಗೆ ಬದುಕಿ ಕೂತಿತ್ತು.

ಸೊಸೆ ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು ಅದನ್ನೇ ದಿಟ್ಟಿಸಿದಳು. ಆಫೀಸಿಗೆ ಹೊರಡುವಾಗ ಎಲೆಯೆಲ್ಲ ಬೆಂದ ಸೊಪ್ಪಿನಂತೆ ಜೋತುಬಿದ್ದಿದ್ದನ್ನು ಕಣ್ಣಾರೆ ಕಂಡಿದ್ದಳು. ಈಗ ಅದೇ ಜಾಗದಲ್ಲಿ ಹಸಿರು ಉಕ್ಕುತ್ತಿದೆ, ಘಮಘಮ ಎನ್ನುತ್ತಿದೆ. ಸಾಲದ್ದಕ್ಕೆ ಒಂದೇ ಹಗಲಿನಲ್ಲಿ ಗೇಣುದ್ದ ಬೆಳೆದೂ ಇದೆ.

ಅವಳ ಕೆಲಸ ವಿಮಾ ಕಂಪನಿಯಲ್ಲಿ. ಸತ್ತಿದ್ದಾರೆಂದು ಕಾಗದ ಹುಟ್ಟಿಸಿದವರು ಎಲ್ಲಿ ಆರಾಮಾಗಿ ಬದುಕಿದ್ದಾರೆಂದು ಪತ್ತೆ ಹಚ್ಚುವುದು. ಹಾಗಾಗಿ ಸತ್ತದ್ದು ಎದ್ದು ಬಂತೆಂದರೆ ಅವಳ ಮೂಗು ತಾನಾಗಿ ಅರಳುತ್ತಿತ್ತು.

"ನೋಡಿದ್ಯಾ ನನ್ನ ಕೈಗುಣ?" ಅತ್ತೆ ಹಿಂದೆ ಬಂದು ನಿಂತಿದ್ದರು. "ಸ್ವಲ್ಪ ಉಪಚಾರ ಮಾಡಿದೆ ಅಷ್ಟೇ."

"ಒಂದೇ ದಿನಕ್ಕೆ ಎದ್ದುಬಿಡ್ತಾ ಅತ್ತೆ?"

"ಗಿಡ ಏನು, ಮನುಷ್ಯರೂ ಅಷ್ಟೇ ಕಣೆ. ಸರಿಯಾಗಿ ನೋಡ್ಕೊಂಡ್ರೆ ಎದ್ದು ಓಡಾಡ್ತಾರೆ."

ಇದು ಮೊದಲ ಸಲವಲ್ಲ. ಹೋದ ವಾರ ಕಾಮಕಸ್ತೂರಿ, ಅದಕ್ಕೂ ಮುಂಚೆ ಪುದೀನ. ಬೆಳಿಗ್ಗೆ ಹೆಣ, ಸಂಜೆ ಮದುಮಗಳು. ಬೀದಿಯ ಹೆಂಗಸರೆಲ್ಲ ಬಂದು ನೋಡಿ ಬೆರಗಾಗುವುದು, ಅತ್ತೆ ಸೆರಗು ಸರಿಮಾಡಿಕೊಂಡು ನಗುವುದು.

ಅತ್ತೆಗೆ ಮೊದಲೆಲ್ಲ ಮಣ್ಣು ಮುಟ್ಟಿದರೆ ಆಗುತ್ತಿರಲಿಲ್ಲ. ಈ ಹುಚ್ಚು ಹತ್ತಿದ್ದು ಮಾವನ ಎದೆಯ ಆಪರೇಷನ್ ಆದ ಮೇಲೆ. ಮಾವ ರೈಲಿನ ಗಾರ್ಡ್ ಆಗಿದ್ದವರು. ಆಸ್ಪತ್ರೆಯಿಂದ ಬಂದ ದಿನವೇ ಆರಾಮಕುರ್ಚಿಯಲ್ಲಿ ಕಾಲು ಚಾಚಿ ಘೋಷಿಸಿದ್ದರು: "ಜೀವಮಾನವೆಲ್ಲ ಓಡೋ ಗಾಡೀಲಿ ನಿಂತೇ ದುಡಿದಿದೀನಿ. ಇನ್ನು ಯಾವನೂ ನನ್ನ ಎಬ್ಬಿಸಬೇಡಿ." ಡಾಕ್ಟರ ಮಾತೂ ನಡೆಯಲಿಲ್ಲ, ಮನೆಯವರ ಮಾತೂ ನಡೆಯಲಿಲ್ಲ. ಬೇಸತ್ತ ಅತ್ತೆ ಹಿತ್ತಲು ಹಿಡಿದರು.

ಈಗ ದಿನಾ ಮಧ್ಯಾಹ್ನ ಅತ್ತೆ ಅದೇ ಸೊಪ್ಪು ಕುದಿಸಿ ಮಾವನಿಗೆ ಒಂದು ಲೋಟ ಕೊಡುತ್ತಾರೆ. ಕುಡಿದ ಸ್ವಲ್ಪ ಹೊತ್ತಿಗೆ ಮಾವ ಗೊರಕೆ. ಅತ್ತೆ ಮೆಲ್ಲಗೆ ಚಪ್ಪಲಿ ಮೆಟ್ಟಿ ಹೊರಗೆ. ಗೆಳತಿಯ ಮನೆಗೆ ಅನ್ನುತ್ತಾರೆ.

ಸೊಸೆಗೆ ಕತೆ ಪೂರ್ತಿ ಹೊಳೆದುಹೋಯಿತು. ಅತ್ತೆ ಮಾವನನ್ನು ಮಲಗಿಸುತ್ತಾರೆ, ನರ್ಸರಿಗೆ ಹೋಗುತ್ತಾರೆ, ಸತ್ತ ಗಿಡದ ಜಾಗಕ್ಕೆ ಹೊಸದನ್ನು ತಂದು ನೆಟ್ಟು ಜಂಬ ಕೊಚ್ಚುತ್ತಾರೆ. ಎಂಥ ಕೈಗುಣ! ಗಂಡನಿಗೆ ಹೇಳಿದರೆ ಅವನು ಬಿದ್ದು ಬಿದ್ದು ನಕ್ಕ. "ಅಮ್ಮನ ಮೇಲೂ ಫೈಲ್ ತೆಗೀತೀಯಾ?"

ಮುಂದಿನ ಸಲ ಕಾಮಕಸ್ತೂರಿ ಬಾಡಿದ ದಿನ ಅವಳು ಆಫೀಸಿಗೆ ಹೊರಟಂತೆ ಮಾಡಿ, ಅತ್ತೆ ಸ್ನಾನಕ್ಕೆ ಹೋದಾಗ ಹಿಂದಿನ ಬಾಗಿಲಿಂದ ಬಂದು ಸಾಮಾನಿನ ಕೋಣೆ ಸೇರಿಕೊಂಡಳು. ಬಾಗಿಲ ಸಂದಿಯಿಂದ ಪಡಸಾಲೆ ಕಾಣುತ್ತಿತ್ತು, ಕಿಟಕಿಯಿಂದ ಹಿತ್ತಲು ಕಾಣುತ್ತಿತ್ತು.

ಮಧ್ಯಾಹ್ನ ಅತ್ತೆ ಲೋಟ ಕೊಟ್ಟರು. ಗೊರಕೆ ಶುರುವಾಯಿತು. ಅತ್ತೆ ಹೊರಟರು. ಗೇಟು ಕಿರ್ರೆಂದು ಮುಚ್ಚಿತು.

ಗೊರಕೆ ಕತ್ತರಿಸಿದಂತೆ ನಿಂತಿತು.

ಮಾವ ಒಂದು ಕಣ್ಣು ತೆರೆದರು. ಆಮೇಲೆ ಇನ್ನೊಂದು. ಛಂಗನೆ ಎದ್ದು ಬೂಟು ಹಾಕಿಕೊಂಡು, ಕುರ್ಚಿಯ ದಿಂಬಿನಡಿಯಿಂದ ಬಟ್ಟೆಚೀಲ ಎಳೆದು, ಹಿತ್ತಲ ಬಾಗಿಲಿಂದ ಬಿರಬಿರನೆ ಹೊರಟೇಹೋದರು. ಸೊಸೆ ಬಾಯಿಬಿಟ್ಟಿದ್ದನ್ನು ಮುಚ್ಚಲು ಮರೆತಳು.

ಅವರು ವಾಪಸು ಬಂದಾಗ ಅಂಗಿ ಬೆವರಿನಿಂದ ತೊಯ್ದಿತ್ತು, ಕೆನ್ನೆ ಕೆಂಪಾಗಿತ್ತು, ಬಾಯಲ್ಲಿ ಸಿಳ್ಳೆ ಇತ್ತು. ಸತ್ತ ಕಾಮಕಸ್ತೂರಿಯನ್ನು ಬುಡಸಮೇತ ಕಿತ್ತು, ಚೀಲದಿಂದ ಹೊಸದನ್ನು ತೆಗೆದು ನೆಟ್ಟು, ಮಣ್ಣು ತಟ್ಟುತ್ತಿದ್ದರು.

"ಮಾವಾ!"

ಮಾವ ಬೆಚ್ಚಿಬಿದ್ದು ಕುರ್ಪಿ ಕೈಬಿಟ್ಟರು. "ಅಯ್ಯೋ, ನೀನಾ? ನಿಮ್ಮತ್ತೆಗೆ ಹೇಳ್ಬೇಡಮ್ಮ, ನಿನ್ನ ದಮ್ಮಯ್ಯ."

"ನೀವ್ಯಾಕೆ ಹೀಗೆ..."

"ಅವಳ ಕೈಲಿ ಒಂದು ಗಿಡಾನೂ ಬದುಕಲ್ಲ ಕಣಮ್ಮ. ನನ್ನೆದೆ ಕೊಯ್ದಾಗ್ಲೂ ನಿಮ್ಮತ್ತೆ ಅಳಲಿಲ್ಲ. ಆದ್ರೆ ಪುದೀನ ಬಾಡಿದ ದಿನ ನನ್ನ ಕುರ್ಚಿ ಪಕ್ಕ ಕೂತು ಬಿಕ್ಕಿ ಬಿಕ್ಕಿ ಅತ್ಲು. ನಂಗೆ ತಡ್ಕೊಳ್ಳಕ್ಕಾಗ್ಲಿಲ್ಲ. ಪೇಟೆ ಬೀದಿ ಕೊನೇ ನರ್ಸರಿವರೆಗೆ ಹೋಗಿ ತಂದುಬಿಟ್ಟೆ. ಆಟೋದಲ್ಲಿ ಹೋದ್ರೆ ಯಾರಾದ್ರೂ ಅವಳಿಗೆ ಸುದ್ದಿ ಮುಟ್ಟಿಸ್ತಾರೆ ಅಂತ ಸಂದಿಗೊಂದೀಲಿ ನಡ್ಕೊಂಡೇ ಹೋಗ್ತೀನಿ. ಈಗ ತಾನೇ ಬದುಕಿಸಿದೆ ಅಂತ ಎಷ್ಟು ಖುಷಿಯಾಗಿದಾಳೆ ನೋಡು."

ಸೊಸೆ ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟಳು. ಅವತ್ತು ಸಂಜೆ ಅತ್ತೆ ಕೈಗುಣದ ವರ್ಣನೆ ಶುರುಮಾಡಿದಾಗ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವಳು ಅವಳೇ. ಮಾವ ಕುರ್ಚಿಯಿಂದ ಕಣ್ಣು ಹೊಡೆದರು. ಪಾಪ ಅತ್ತೆ, ಎಷ್ಟು ಮುಗ್ಧೆ ಎಂದುಕೊಂಡಳು.

ಕೆಲವು ದಿನ ಕಳೆದ ಮೇಲೆ ಒಂದು ಮುಂಜಾನೆ ಅವಳಿಗೆ ಬೇಗ ಎಚ್ಚರವಾಯಿತು. ನೀರು ಕುಡಿಯಲೆಂದು ಅಡಿಗೆಮನೆಗೆ ಬಂದರೆ ಹಿತ್ತಲ ಬಾಗಿಲು ತೆರೆದಿತ್ತು. ಹೊರಗೆ ಅತ್ತೆ, ಕೈಯಲ್ಲಿ ಕೆಟಲ್. ಮೂತಿಯಿಂದ ಹಬೆ ಭುಸುಗುಡುತ್ತಿತ್ತು. ಪುದೀನದ ಮೇಲೆ ಬಗ್ಗಿಸಹೋದವರು ಯಾಕೋ ತಡೆದು, ಪಕ್ಕದ ರೋಸ್‌ಮೆರಿ ಗಿಡದ ಬುಡಕ್ಕೆ ಧಾರೆಯಾಗಿ ಸುರಿದರು.

"ಅತ್ತೆ! ಅದು ಕುದಿಯೋ ನೀರು!"

"ಮತ್ತೆ? ತಣ್ಣೀರು ಹಾಕಿದ್ರೆ ಸಾಯುತ್ತಾ?" ಅತ್ತೆ ತಿರುಗಿಯೂ ನೋಡಲಿಲ್ಲ. "ಮೆಲ್ಲಗೆ ಮಾತಾಡೇ, ಅವರು ಎದ್ದುಬಿಟ್ಟಾರು."

ಕೊನೆಯ ಹನಿಯವರೆಗೂ ಬಸಿದು, ಕೆಟಲ್ ಕೆಳಗಿಟ್ಟು, ಅತ್ತೆ ತೃಪ್ತಿಯಿಂದ ಕೈ ಒರೆಸಿಕೊಂಡರು.

"ಡಾಕ್ಟರು ನಿಮ್ಮಾವನ್ನ ಇನ್ನೂ ಸ್ವಲ್ಪ ದೂರ ನಡೆಸಿ ಅಂದಿದಾರೆ. ಇದು ಸೇತುವೆ ಆಚೆ ನರ್ಸರೀಲಿ ಮಾತ್ರ ಸಿಗೋದು."