ಅಂಟಿನ ಹಾಲು

"ಕೆಳಗಿನ ಗೂಡಲ್ಲಿದ್ದ ಡಬ್ಬಿ ಯಾರು ತೆಗೆದ್ರು?"

ಪಿಟೀಲು ರಿಪೇರಿ ಮಾಡುವ ಗಂಡ ಕೆಲಸದ ಕೋಣೆಯಿಂದ ಕೂಗಿದಾಗ ಹೆಂಡತಿ ಹಾಲಿನ ಪಾತ್ರೆ ತಿಕ್ಕುತ್ತಿದ್ದಳು.

"ನಾನೇ. ಅಡುಗೆಮನೇದು ಮುಗಿದಿತ್ತು. ಮಗೂಗೆ ಹಾಲಲ್ಲಿ ಕುದಿಸಿ ಕೊಟ್ಟೆ."

ಡಬ್ಬಿಯಲ್ಲಿದ್ದದ್ದು ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ, ಹಾಳೆಯ ಹಾಗೆ ಒಣಗಿಸಿದ್ದು. ಗಂಡ ಅದನ್ನು ನೀರಲ್ಲಿ ಕರಗಿಸಿ ಪಿಟೀಲಿನ ಹಲಗೆ ಅಂಟಿಸುತ್ತಿದ್ದ. ಅತ್ತೆ ಅದನ್ನೇ ಹಾಲು ಸಕ್ಕರೆಯಲ್ಲಿ ಕುದಿಸಿ, ತಣ್ಣಗೆ ಗಟ್ಟಿಯಾಗಿಸಿ, ಕಾಯಿಲೆಯಿಂದ ಎದ್ದವರಿಗೆ ತಿನ್ನಿಸುತ್ತಿದ್ದರು. ಮುರಿದ ಮರವನ್ನೇ ಕೂಡಿಸುವ ಅಂಟು ಮನುಷ್ಯನ ಮೈಯನ್ನು ಕೂಡಿಸದೇ ಇರುತ್ತದೆಯೇ ಎಂಬುದು ಅವರ ವಾದ. ಅತ್ತೆಯೊಡನೆ ವಾದಿಸಿ ಗೆದ್ದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಜ್ವರ ಬಿಟ್ಟು ಕಡ್ಡಿಯಂತಾಗಿದ್ದ ಮೊಮ್ಮಗಳಿಗೂ ಅದೇ ಪಥ್ಯ.

ಗಂಡ ಬಾಗಿಲಿಗೆ ಬಂದು ನಿಂತ.

"ಹುಳ ಹಿಡೀತಿದೆ ಅಂತ ಅದಕ್ಕೆ ಪಾಷಾಣದ ನೀರು ಬಳಿದಿದ್ದೆ ಕಣೇ. ನೆನೆಸಿದ ನೀರನ್ನಾದ್ರೂ ಚೆಲ್ಲಿದ್ಯಾ?"

"ಚೆಲ್ಲೋದಾ? ಸತ್ವ ಎಲ್ಲಾ ಆ ನೀರಲ್ಲೇ ಇರತ್ತೆ, ಒಂದು ತೊಟ್ಟೂ ಚೆಲ್ಲಬೇಡ ಅಂತ ಅತ್ತೆ ಹೇಳಿದ್ರಲ್ಲ!"

ಪಾತ್ರೆ ಕೈಜಾರಿತು. ಮಗಳಿದ್ದ ಕೋಣೆಗೆ ಅವಳು ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಹಾಸಿಗೆಯ ಪಕ್ಕ ಬಟ್ಟಲು ಖಾಲಿಯಾಗಿತ್ತು. ಮಗುವಿನ ನಾಲಗೆ ನೋಡಿದಳು, ಹೊಟ್ಟೆ ಮುಟ್ಟಿದಳು.

"ಹೊಟ್ಟೆ ಉರೀತಿದ್ಯಾ ಪುಟ್ಟಿ? ಎಷ್ಟು ತಿಂದೆ?"

ಮಗು ತುಟಿ ಬಿಗಿಹಿಡಿದು ಅಪ್ಪನನ್ನೂ ಅಮ್ಮನನ್ನೂ ನೋಡಿತು.

"ಬೈಯಲ್ಲ ಚಿನ್ನ, ಹೇಳಮ್ಮ."

"ನಾನು ತಿನ್ಲೇ ಇಲ್ಲ. ಬಾಯಲ್ಲಿ ಲೊಳಲೊಳ ಅನ್ನತ್ತೆ. ಅಜ್ಜಿಗೆ ಕೊಟ್ಬಿಟ್ಟೆ. ಬಿಸಾಕಬಾರ್ದು ಅಂತ ಅಜ್ಜಿ ಪೂರ್ತಿ ತಿಂದ್ಲು."

"ಸದ್ಯ! ದೇವರು ದೊಡ್ಡವನು!"

ಮಗುವನ್ನು ಎದೆಗೆ ಅವುಚಿಕೊಂಡು ಅವಳು ಅಳುತ್ತಲೇ ನಕ್ಕಳು. ಹೋದ ಜೀವ ಬಂದಂತಾಗಿತ್ತು. ತಲೆಯೆತ್ತಿದಾಗ ಗಂಡ ಅಲ್ಲಿರಲಿಲ್ಲ. "ಅಮ್ಮಾ! ಅಮ್ಮಾ!" ಎಂದು ಅವನು ಹಿತ್ತಲ ಕಡೆ ಓಡುತ್ತಿರುವುದು ಕೇಳಿಸಿತು. ತಾನು ಏನಂದೆ ಎಂಬುದು ಅವಳಿಗೆ ಆಗ ಹೊಳೆಯಿತು.

ಅತ್ತೆ ಹಿತ್ತಲಲ್ಲಿರಲಿಲ್ಲ. ಜಗಲಿಯ ಕಡೆಯಿಂದ ಬಂದು ಕೋಣೆಯ ಹೊಸ್ತಿಲ ಮೇಲೆ ನಿಂತಿದ್ದರು.

"ಅದೇನೇ ಅಷ್ಟೊಂದು ಸಂತೋಷ? ನಂಗೂ ಹೇಳೇ," ಎನ್ನುತ್ತಾ, ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಅಲ್ಲೇ ಕುಳಿತರು.