ಮೂರನೇ ಎಸಳು

ಮೂರನೇ ಎಸಳಿಗೆ ಬಂದಾಗ ಗೆರೆ ಮತ್ತೆ ನಡುಗಿತು. ಸಂಘಮಿತ್ರಾ ತಾನೇ ಜೋಡಿಸಿದ್ದ, ಮರ ಕೆತ್ತುವ ಸಿಎನ್‌ಸಿ ಯಂತ್ರವನ್ನು ನಿಲ್ಲಿಸಿ ಮರದ ಹುಡಿ ಊದಿದಳು. ಮೋಟಾರು ಹೆಜ್ಜೆ ತಪ್ಪುತ್ತಿದೆಯೆಂದು ಅದನ್ನು ನಡೆಸುವ ಡ್ರೈವರ್ ಬೋರ್ಡನ್ನೇ ಹೊಸದು ಹಾಕಿದ್ದಳು. ಕರೆಂಟು ಹೊಂದಿಸುವ ಸಾಸಿವೆಯಷ್ಟು ಸ್ಕ್ರೂವನ್ನು ಬೆಳಗಿನಿಂದ ನಾಲ್ಕು ಸಲ ತಿರುಗಿಸಿದ್ದಳು. ಆದರೂ ಬೆಲ್ಲ ಹೊಯ್ಯುವ ಅಚ್ಚಿನ ಕಮಲ ಪ್ರತಿ ಸಲವೂ ಅದೇ ಜಾಗದಲ್ಲಿ ಕೆಡುತ್ತಿತ್ತು.

"ಮೋಟ್ರುನೇ ಸರೀಗಿಲ್ಲ ಕಣ್ ಮಗ, ಬದಲಾಯಿಸ್ಬುಡು," ಎಂದ ಅಪ್ಪ ಮಂಚಯ್ಯ. ಮೂವತ್ತು ವರ್ಷ ಕ್ಯಾತನಹಳ್ಳಿಯ ಆಲೆಮನೆಗಳಿಗೆ ಉಳಿಯಲ್ಲೇ ಅಚ್ಚು ಕೆತ್ತಿಕೊಟ್ಟವನು. ಈಚೆಗೆ, "ಇನ್ನು ಮಿಷನ್ನೇ ಕೆತ್ಲಿ ಬುಡು," ಎಂದು ಕಮಲವನ್ನು ಕಾಗದದ ಮೇಲೆ ಬರೆದುಕೊಡುತ್ತಿದ್ದ. ಅವಳು ಅದರ ಫೋಟೋ ತೆಗೆದು ಯಂತ್ರಕ್ಕೆ ಹಾಕುತ್ತಿದ್ದಳು.

ಮೋಟಾರು ತಪ್ಪುವುದಾದರೆ ಎಲ್ಲೆಂದರಲ್ಲಿ ತಪ್ಪಬೇಕಲ್ಲ, ಅದೇ ಜಾಗವೇ ಯಾಕೆ? ಅವಳು ಅಪ್ಪನ ಕಾಗದವನ್ನು ಅಚ್ಚಿನ ಪಕ್ಕಕ್ಕೆ ಹಿಡಿದಳು. ಮೂರನೇ ಎಸಳಿನ ಪೆನ್ಸಿಲ್ ಗೆರೆಯಲ್ಲೂ ಅದೇ ನಡುಕವಿತ್ತು. ಯಂತ್ರ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ತಲೆಯೆತ್ತಿ ನೋಡಿದಳು. ಮಂಚಯ್ಯ ತನ್ನ ಬಲಗೈಯನ್ನು ಮೆಲ್ಲಗೆ ಟವೆಲಿನ ಮರೆಗೆ ಎಳೆದುಕೊಳ್ಳುತ್ತಿದ್ದ.

"ಊಂ ಕಣಪ್ಪ, ಮೋಟ್ರುದೇ ತಪ್ಪು," ಎನ್ನುತ್ತಾ ಸಂಘಮಿತ್ರಾ ಸರಿಯಾಗಿಯೇ ಇದ್ದ ಸ್ಕ್ರೂವನ್ನು ಐದನೇ ಸಲ ತಿರುಗಿಸತೊಡಗಿದಳು.